ಮಂಜೂರಾದ ಸಾಲ, ಬಿಡಿಸಿಕೊಂಡ ಸಾಲ: ಅಮೆರಿಕದ ಸ್ನಾತಕೋತ್ತರ ಓದಿಗೆ ಹಣ ಹೊಂದಿಸಿದ ನನ್ನ ಅನುಭವ

ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು ನಾನು ಮುಗಿಸಿದ್ದು ಇಲ್ಲಿನ ಬ್ಯಾಂಕಿನ ಶಿಕ್ಷಣ ಸಾಲ ಮತ್ತು ಅಲ್ಲಿನ ವಿಭಾಗ ಕೊಟ್ಟ ಬೋಧನಾ ಸಹಾಯಕ ಹುದ್ದೆ, ಇವೆರಡರ ಬಲದಿಂದ. ಈಗ ಹೊರಡಲು ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ನನ್ನನ್ನು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಸಾಲ ಮಂಜೂರಾಗುತ್ತದೆ?’ ಎಂಬುದು. ಮಂಜೂರಾದ ಮೊತ್ತಕ್ಕೆ ಬಡ್ಡಿಯಿಲ್ಲ. ಬಿಡುಗಡೆಯಾದ ಮೊತ್ತಕ್ಕೆ, ಬಿಡುಗಡೆಯಾದ ದಿನದಿಂದ ಬಡ್ಡಿ ಉಂಟು. ನಾನು ಹಣಕಾಸಿನ ವಿಷಯದಲ್ಲಿ ಮಾಡಿದ್ದೆಲ್ಲವೂ ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡೇ ಆದದ್ದು.

ಸಾಲದ ಅರ್ಜಿಗೆ ಮೊದಲು, ತೀರಿಸಬೇಕಾಗಿಲ್ಲದ ಹಣ ಎಲ್ಲಿದೆ ಎಂದು ಹುಡುಕಿದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಅಥವಾ ನೆರವು ಸಿಗುವುದಿಲ್ಲ. ಅದು ಅಲ್ಲಿನ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವಂಥವರಿಗೆ ಮೀಸಲು. ನಮ್ಮಲ್ಲಿಂದ ಸಿಗುವ ವಿದ್ಯಾರ್ಥಿವೇತನಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಬಾಗಿಲಿದೆ. ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಫೆಲೋಶಿಪ್‌ಗೆ ಕನಿಷ್ಠ ಮೂರು ವರ್ಷದ ಉದ್ಯೋಗಾನುಭವ ಬೇಕು, ಅರ್ಜಿಯನ್ನೂ ಓದು ಆರಂಭವಾಗುವುದಕ್ಕೆ ಒಂದು ವರ್ಷಕ್ಕೂ ಮೊದಲೇ ಹಾಕಬೇಕು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ ಮತ್ತು ಭೂರಹಿತ ಕೃಷಿ ಕಾರ್ಮಿಕ ಕುಟುಂಬಗಳ ವಿದ್ಯಾರ್ಥಿಗಳು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ಪನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರಬೇಕೆಂಬುದು ಅದರ ಷರತ್ತು. 1892ರಲ್ಲಿ ಸ್ಥಾಪನೆಯಾದ ಜೆ.ಎನ್. ಟಾಟಾ ಎಂಡೋಮೆಂಟ್ ಕೊಡುವುದು ಸಾಲರೂಪದ ವಿದ್ಯಾರ್ಥಿವೇತನ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆ ಭಾರತದೊಳಗಿನ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ ಅನ್ವಯಿಸುತ್ತದೆ. ವಿದೇಶಕ್ಕೆ ಹೊರಟವರು ಅದನ್ನು ನಂಬಿ ಕೂರಬಾರದು.

ದೊಡ್ಡ ನೆರವು ಇರುವುದು ವಿಶ್ವವಿದ್ಯಾಲಯದ ವಿಭಾಗಗಳಲ್ಲೇ. ಪಿಎಚ್‌ಡಿಗೆ ಸೇರುವವರಿಗೆ ಶುಲ್ಕ ಮನ್ನಾ ಮತ್ತು ಮಾಸಿಕ ವೇತನ ಸಾಮಾನ್ಯವಾಗಿ ಪ್ರವೇಶಪತ್ರದ ಜೊತೆಗೇ ಬರುತ್ತವೆ. ಸ್ನಾತಕೋತ್ತರಕ್ಕೆ ಹೋಗುವವರಿಗೆ ಹಾಗೆ ಬರುವುದು ಅಪರೂಪ. ಆದರೂ ಕೆಲವು ವಿಭಾಗಗಳಲ್ಲಿ ಅವಕಾಶ ಹೆಚ್ಚು, ಅದಕ್ಕೆ ಕಾರಣವೂ ಇದೆ. ಗಣಿತ, ಸಂಖ್ಯಾಶಾಸ್ತ್ರ, ರಸಾಯನಶಾಸ್ತ್ರದಂಥ ವಿಭಾಗಗಳು ತಮ್ಮ ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಇಡೀ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳಿಗೆ ಆರಂಭಿಕ ಕೋರ್ಸುಗಳನ್ನು ಕಲಿಸುತ್ತವೆ; ಉತ್ತರ ಪತ್ರಿಕೆ ತಿದ್ದಲು, ಪ್ರಯೋಗ ತರಗತಿ ನಡೆಸಲು ಅವಕ್ಕೆ ಜನ ಬೇಕೇ ಬೇಕು. ನಾನು ಅರ್ಜಿ ಹಾಕುವಾಗ ಶ್ರೇಯಾಂಕದ ಪಟ್ಟಿಯ ಜೊತೆಗೆ, ವಿಭಾಗವು ಪ್ರತಿ ಸೆಮಿಸ್ಟರ್ ಎಷ್ಟು ಆರಂಭಿಕ ಕೋರ್ಸುಗಳನ್ನು ನಡೆಸುತ್ತದೆ, ಅವುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಸಹಾಯಕರಾಗಿದ್ದಾರೆಯೇ ಎಂಬುದನ್ನೂ ನೋಡಿದೆ. ಅನೇಕ ಕಡೆ ಬೋಧನಾ ಸಹಾಯಕರಾಗಬೇಕಾದರೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತನಾಡುವ ವಿಭಾಗದಲ್ಲಿ ಪ್ರತ್ಯೇಕವಾಗಿ ಇಂತಿಷ್ಟು ಅಂಕ ಬೇಕೆಂಬ ನಿಯಮವಿರುತ್ತದೆ. ಒಟ್ಟು ಅಂಕ ಚೆನ್ನಾಗಿದ್ದೂ ಈ ಒಂದು ಭಾಗದಲ್ಲಿ ಹಿಂದುಳಿದು ಹುದ್ದೆ ತಪ್ಪಿಸಿಕೊಂಡವರನ್ನು ನೋಡಿದ್ದೇನೆ. ಆದ್ದರಿಂದ ಆ ಭಾಗಕ್ಕೆ ವಿಶೇಷ ತಯಾರಿ ಮಾಡಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಇನ್ನು ಸಾಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ, ಏಳೂವರೆ ಲಕ್ಷ ರೂಪಾಯಿಗಿಂತ ಹೆಚ್ಚಿನ ಸಾಲಕ್ಕೆ ಸ್ಥಿರಾಸ್ತಿಯಂಥ ಭದ್ರತೆ ಬೇಕಾಗುತ್ತದೆ. ನಾವು ಮನೆಯನ್ನು ಅಡವಿಟ್ಟೆವು. ಭದ್ರತೆಯಿಲ್ಲದೆ ಬೇಗ ಸಾಲ ಕೊಡುವ ಖಾಸಗಿ ಹಣಕಾಸು ಸಂಸ್ಥೆಗಳೂ ಇದ್ದವು. ಬಡ್ಡಿದರ ಹೆಚ್ಚು, ಜೊತೆಗೆ ಓದುವ ಕಾಲದಲ್ಲೇ ಬಡ್ಡಿಯ ಒಂದು ಭಾಗವನ್ನು ಪ್ರತಿ ತಿಂಗಳು ಕಟ್ಟಬೇಕೆಂಬ ಷರತ್ತು ಇದ್ದುದರಿಂದ ಕೈಬಿಟ್ಟೆವು. ಅಡವಿಡಲು ಆಸ್ತಿಯಿಲ್ಲದವರಿಗೆ ಆ ದಾರಿ ಅನಿವಾರ್ಯವಾಗಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಬ್ಯಾಂಕಿನ ಕೆಲಸದಲ್ಲಿ ಸಮಯ ಹಿಡಿಯುವುದು ಸಾಲದ ಅರ್ಜಿಯಲ್ಲ, ಆಸ್ತಿಯ ಕಾಗದಪತ್ರ. ಕ್ರಯಪತ್ರ, ಅದರ ಹಿಂದಿನ ಮೂಲ ಪತ್ರಗಳು, ಖಾತಾ, ಕಂದಾಯ ರಸೀದಿ, ಅನುಮೋದಿತ ನಕ್ಷೆ, ಋಣಭಾರ ಪ್ರಮಾಣಪತ್ರ, ಇಷ್ಟೂ ಬ್ಯಾಂಕಿನ ವಕೀಲರ ಕೈಗೆ ಹೋಗಿ, ಅವರು ಅಭಿಪ್ರಾಯ ಬರೆದುಕೊಟ್ಟು, ಎಂಜಿನಿಯರ್ ಮನೆಯ ಮೌಲ್ಯಮಾಪನ ಮಾಡಿದ ಮೇಲೆಯೇ ಕಡತ ಮುಂದೆ ಸಾಗುತ್ತದೆ. ಒಂದು ದಾಖಲೆಯಲ್ಲಿ ಹೆಸರಿನ ಇನಿಷಿಯಲ್ ಬೇರೆಯಾಗಿದ್ದರೂ ಅಫಿಡವಿಟ್ ಮಾಡಿಸಬೇಕಾಗುತ್ತದೆ. ಆದ್ದರಿಂದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ ತಿಂಗಳಲ್ಲೇ ಈ ಕಾಗದಗಳನ್ನು ಜೋಡಿಸಲು ತೊಡಗುವುದು ಒಳ್ಳೆಯದು.

ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಪಡೆಯಲು ಮತ್ತು ವೀಸಾ ಸಂದರ್ಶನಕ್ಕೆ ಖರ್ಚಿನ ಪೂರ್ತಿ ಪುರಾವೆ ಬೇಕಾಗುವುದರಿಂದ ಮಂಜೂರಾತಿಯನ್ನು ಧಾರಾಳವಾಗಿಯೇ ಕೇಳಿದೆವು. ಸಾಲ ರೂಪಾಯಿಯಲ್ಲಿ, ಶುಲ್ಕ ಡಾಲರಿನಲ್ಲಿ. ಎರಡು ವರ್ಷದಲ್ಲಿ ಡಾಲರ್ ಏರಿದರೆ ಮಧ್ಯದಲ್ಲಿ ಹೆಚ್ಚುವರಿ ಮಂಜೂರಾತಿ ಮಾಡಿಸುವುದು ಮತ್ತೆ ಮೊದಲಿನಿಂದ ಕಡತ ಓಡಿಸಿದಂತೆಯೇ ಸರಿ. ಆದರೆ ಬಿಡುಗಡೆಯನ್ನು ಮಾತ್ರ ಸೆಮಿಸ್ಟರ್‌ಗೊಮ್ಮೆ, ವಿಶ್ವವಿದ್ಯಾಲಯದ ಬಿಲ್ ಬಂದ ಮೇಲೆ, ಬಿಲ್ಲಿನಷ್ಟೇ ಮಾಡಿಸಿದೆವು.

ಲೆಕ್ಕ ಸುಲಭವಾಗಲೆಂದು 20 ಲಕ್ಷ ರೂಪಾಯಿ ಸಾಲ, ಶೇ. 10 ಬಡ್ಡಿ ಎಂದು ಇಟ್ಟುಕೊಳ್ಳೋಣ. ಎರಡು ವರ್ಷದ ಓದು ಮತ್ತು ಅದರ ನಂತರದ ಒಂದು ವರ್ಷ, ಒಟ್ಟು ಮೂರು ವರ್ಷ ಕಂತು ಕಟ್ಟಬೇಕಾಗಿಲ್ಲ. ಈ ಅವಧಿಯಲ್ಲಿ ಸರಳ ಬಡ್ಡಿ ಬೆಳೆಯುತ್ತದೆ. ಮೊದಲ ದಿನವೇ ಪೂರ್ತಿ ಹಣ ಬಿಡಿಸಿಕೊಂಡರೆ ಮೂರು ವರ್ಷಕ್ಕೆ ಬಡ್ಡಿ 6 ಲಕ್ಷ. ಅದೇ ಹಣವನ್ನು ನಾಲ್ಕು ಸೆಮಿಸ್ಟರ್‌ಗಳಿಗೆ ತಲಾ 5 ಲಕ್ಷದಂತೆ ಬಿಡಿಸಿಕೊಂಡರೆ ಬಡ್ಡಿ ನಾಲ್ಕೂವರೆ ಲಕ್ಷಕ್ಕೆ ಇಳಿಯುತ್ತದೆ. ಎರಡನೆಯ ವರ್ಷ ಹುದ್ದೆ ಸಿಕ್ಕಿ ಕೊನೆಯ ಎರಡು ಕಂತುಗಳನ್ನು ಬಿಡಿಸಿಕೊಳ್ಳುವ ಅಗತ್ಯವೇ ಬಾರದಿದ್ದರೆ ಅಸಲು 10 ಲಕ್ಷಕ್ಕೆ ನಿಲ್ಲುತ್ತದೆ, ಬಡ್ಡಿ 2,75,000 ರೂಪಾಯಿ ಮಾತ್ರ. ಮೂರು ವರ್ಷದ ಕೊನೆಗೆ ಒಬ್ಬರ ಮುಂದೆ 26 ಲಕ್ಷ, ಇನ್ನೊಬ್ಬರ ಮುಂದೆ ಹದಿಮೂರು ಲಕ್ಷಕ್ಕೂ ಕಡಿಮೆ. ಇಬ್ಬರ ಮಂಜೂರಾತಿ ಪತ್ರವೂ ಒಂದೇ.

ಮಂಜೂರಾತಿ ಪತ್ರದಲ್ಲಿ ನಾನು ಗುರುತು ಹಾಕಿಕೊಂಡ ಇನ್ನೆರಡು ಸಂಗತಿಗಳಿದ್ದವು. ವಿದೇಶದ ಓದಿಗೆ ಮಾರ್ಜಿನ್ ಹಣ, ಎಂದರೆ ಖರ್ಚಿನ ಶೇ. 15ರಷ್ಟನ್ನು, ನಮ್ಮ ಕೈಯಿಂದ ಹಾಕಬೇಕು. ಆದರೆ ಅದನ್ನು ಒಮ್ಮೆಗೇ ಹಾಕಬೇಕಾಗಿಲ್ಲ, ಪ್ರತಿ ಬಿಡುಗಡೆಯ ಜೊತೆ ಆ ಪ್ರಮಾಣದಲ್ಲಿ ಹಾಕಬಹುದು, ವಿದ್ಯಾರ್ಥಿವೇತನವನ್ನೂ ಅದರಲ್ಲಿ ಲೆಕ್ಕ ಹಿಡಿಸಬಹುದು. ಎರಡನೆಯದು, ಓದುವ ಅವಧಿಯಲ್ಲಿ ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟುತ್ತಾ ಬಂದರೆ ಬಡ್ಡಿದರದಲ್ಲಿ ಶೇ. 1ರ ರಿಯಾಯಿತಿ. ನಮ್ಮ ತಂದೆ ಸಹಸಾಲಗಾರರಾಗಿದ್ದರು, ತಮ್ಮ ಸಂಬಳದಿಂದ ಪ್ರತಿ ತಿಂಗಳು ಬಡ್ಡಿ ಕಟ್ಟಿದರು. ಹಣ ಕಳುಹಿಸುವಾಗ ಎ2 ಫಾರಂ ತುಂಬಿದರೆ ಬ್ಯಾಂಕೇ ನೇರವಾಗಿ ವಿಶ್ವವಿದ್ಯಾಲಯಕ್ಕೆ ರವಾನಿಸುತ್ತದೆ. ಶಿಕ್ಷಣ ಸಾಲದಿಂದ ಕಳುಹಿಸುವ ಶುಲ್ಕದ ಮೇಲೆ ಹಿಂದೆ ಇದ್ದ ಟಿಸಿಎಸ್ (ಹಣ ಕಳುಹಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ) 2025ರ ಏಪ್ರಿಲ್ 1ರಿಂದ ಇಲ್ಲ.

ಮೊದಲ ಸೆಮಿಸ್ಟರ್ ಪೂರ್ತಿ ಸಾಲದ ಹಣದಲ್ಲೇ ಓದಿದೆ. ತರಗತಿ ಆರಂಭವಾದ ಕೆಲವೇ ವಾರಗಳಲ್ಲಿ ವಿಭಾಗದ ಸ್ನಾತಕೋತ್ತರ ಸಂಯೋಜಕರಿಗೆ ಒಂದು ಚಿಕ್ಕ ಪತ್ರ ಬರೆದೆ. ಯಾವ ಆರಂಭಿಕ ಕೋರ್ಸುಗಳನ್ನು ನಾನು ಕಲಿಸಬಲ್ಲೆ, ಪದವಿಯಲ್ಲಿ ಅವಕ್ಕೆ ಸಮನಾದ ಯಾವ ವಿಷಯಗಳನ್ನು ಓದಿದ್ದೇನೆ, ಸಂಖ್ಯಾಶಾಸ್ತ್ರದಲ್ಲಿ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಎಷ್ಟು ಕೆಲಸ ಮಾಡಿದ್ದೇನೆ, ವಾರದ ಯಾವ ಹೊತ್ತುಗಳಲ್ಲಿ ಬಿಡುವಿದ್ದೇನೆ, ಇಷ್ಟೇ ಅದರಲ್ಲಿ ಇದ್ದದ್ದು. ನನ್ನ ಹಣದ ಕಷ್ಟವನ್ನು ಅದರಲ್ಲಿ ಬರೆಯಲಿಲ್ಲ; ಸಂಯೋಜಕರಿಗೆ ಬೇಕಿದ್ದದ್ದು ಮುಂದಿನ ಸೆಮಿಸ್ಟರ್‌ನ ಪ್ರಯೋಗ ತರಗತಿಗಳನ್ನು ಯಾರಿಗೆ ಹಂಚಬಹುದು ಎಂಬ ಮಾಹಿತಿ. ಎರಡನೆಯ ಸೆಮಿಸ್ಟರ್‌ಗೆ ಅರ್ಧ ಹುದ್ದೆ, ಎಂದರೆ ವಾರಕ್ಕೆ ಹತ್ತು ಗಂಟೆಯ ಕೆಲಸ ಸಿಕ್ಕಿತು. ಎರಡನೆಯ ವರ್ಷ ಅದು ಇಪ್ಪತ್ತು ಗಂಟೆಗೆ ಏರಿತು. ತರಗತಿಗಳು ನಡೆಯುವಾಗ ಎಫ್-1 ವಿದ್ಯಾರ್ಥಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ.

ಈ ಹುದ್ದೆಯ ಪತ್ರವನ್ನು ಸಾಲದ ಪತ್ರದಷ್ಟೇ ಎಚ್ಚರದಿಂದ ಓದಬೇಕು. ಬೋಧನಾ ಶುಲ್ಕ ಪೂರ್ತಿ ಮನ್ನಾವೋ, ಕೆಲಸದ ಗಂಟೆಗೆ ತಕ್ಕ ಭಾಗ ಮಾತ್ರವೋ, ಹೊರರಾಜ್ಯದವರ ಹೆಚ್ಚುವರಿ ದರವಷ್ಟೇ ಮನ್ನಾವೋ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಶುಲ್ಕ ಮನ್ನಾ ಆದರೂ ಗ್ರಂಥಾಲಯ, ತಂತ್ರಜ್ಞಾನ, ಆರೋಗ್ಯ ಕೇಂದ್ರ ಮುಂತಾದ ಇತರ ಶುಲ್ಕಗಳು ಬಹುತೇಕ ಹಾಗೇ ಉಳಿಯುತ್ತವೆ. ವೇತನ ಸಾಮಾನ್ಯವಾಗಿ ಒಂಬತ್ತು ತಿಂಗಳಿಗೆ ಮಾತ್ರ, ಬೇಸಿಗೆಯ ಮೂರು ತಿಂಗಳ ಬಾಡಿಗೆಯನ್ನು ಅದರಲ್ಲೇ ಉಳಿಸಿಟ್ಟುಕೊಳ್ಳಬೇಕು. ಆರೋಗ್ಯ ವಿಮೆಯ ಕಂತನ್ನು ಯಾರು ಕಟ್ಟುತ್ತಾರೆ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ, ಅದು ಸಣ್ಣ ಮೊತ್ತವಲ್ಲ. ಪ್ರವೇಶಪತ್ರದ ಜೊತೆಗೇ ನೆರವು ಬಂದ ಅದೃಷ್ಟವಂತರಿಗೆ ಇನ್ನೊಂದು ಮಾತು: ಸ್ನಾತಕೋತ್ತರ ಶಿಕ್ಷಣ ಸಂಸ್ಥೆಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಏಪ್ರಿಲ್ 15ಕ್ಕೆ ಮೊದಲೇ ಉತ್ತರ ಕೊಡಿ ಎಂದು ಒತ್ತಾಯಿಸುವಂತಿಲ್ಲ. ಅಲ್ಲಿಯವರೆಗೆ ಉಳಿದ ಕಡೆಯ ಉತ್ತರಕ್ಕೆ ಕಾಯುವ ಹಕ್ಕು ನಿಮ್ಮದು.

ವೇತನದಿಂದ ಕಡಿತವಾಗುವ ತೆರಿಗೆಯತ್ತಲೂ ಗಮನವಿರಲಿ. ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಗಳಾಗಿರುವ ವಿದ್ಯಾರ್ಥಿಗಳಿಗೆ, ಎಂದರೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ, ಅಲ್ಲಿನ ಪಿಂಚಣಿ ಮತ್ತು ವೃದ್ಧರ ಆರೋಗ್ಯ ವಿಮೆಯ ಯೋಜನೆಗಳಾದ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ನ ಒಟ್ಟು ಶೇ. 7.65 ಕಡಿತ ಅನ್ವಯಿಸುವುದಿಲ್ಲ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21(2)ನೆಯ ವಿಧಿಯಿಂದಾಗಿ ನಮ್ಮ ವಿದ್ಯಾರ್ಥಿಗಳು ಅನಿವಾಸಿಗಳ ತೆರಿಗೆ ರಿಟರ್ನ್ ಆದ 1040-ಎನ್‌ಆರ್ ಸಲ್ಲಿಸುವಾಗ ಅಲ್ಲಿನ ನಿವಾಸಿಗಳಂತೆ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಬೇರೆ ಬಹುತೇಕ ದೇಶಗಳ ವಿದ್ಯಾರ್ಥಿಗಳಿಗೆ ಇದು ಇಲ್ಲ. ಈ ಸೌಲಭ್ಯದಿಂದ ನನಗೆ ಮರಳಿ ಬಂದ ಹಣವನ್ನು ನೇರವಾಗಿ ಸಾಲದ ಖಾತೆಗೆ ಕಳುಹಿಸಿದೆ.

ಇಲ್ಲಿ ನಮ್ಮ ತಂದೆ ಕಟ್ಟಿದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇ ಸೆಕ್ಷನ್ನಿನಡಿ ವಿನಾಯಿತಿ ಪಡೆದರು. ಅದು ಬಡ್ಡಿಗೆ ಮಾತ್ರ, ಅಸಲಿಗಿಲ್ಲ, ಮೇಲ್ಮಿತಿಯಿಲ್ಲ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಸಿಗುತ್ತದೆ. ಈ ವಿನಾಯಿತಿ ಸಿಗುವ ಎಂಟು ವರ್ಷದ ಅವಧಿಯನ್ನು ಎಣಿಸುವುದು ಕಂತು ಶುರುವಾದ ವರ್ಷದಿಂದಲ್ಲ, ಬಡ್ಡಿ ಕಟ್ಟಲು ಶುರುಮಾಡಿದ ವರ್ಷದಿಂದ. ಓದುವಾಗಲೇ ಬಡ್ಡಿ ಕಟ್ಟಿದ ನಮಗೆ ಅವಧಿ ಬೇಗ ಆರಂಭವಾಯಿತು. ಸಾಲವನ್ನು ಬೇಗ ತೀರಿಸುವ ಯೋಚನೆಯಿದ್ದುದರಿಂದ ಅದರಿಂದ ನಷ್ಟವಾಗಲಿಲ್ಲ. ಹದಿನೈದು ವರ್ಷ ತೆಗೆದುಕೊಳ್ಳುವವರು ಮಾತ್ರ ಇದನ್ನು ಮೊದಲೇ ತೂಗಿ ನೋಡಬೇಕು.

ಕೆಲಸ ಸಿಕ್ಕ ಮೇಲೆ ಮಾಸಿಕ ಕಂತಿನ ಜೊತೆಗೆ ಉಳಿದ ಹಣವನ್ನೂ ಅಸಲಿಗೆ ತುಂಬುತ್ತಾ ಬಂದೆ. ಬದಲಾಗುವ ಬಡ್ಡಿದರದ ವೈಯಕ್ತಿಕ ಸಾಲವಾದ್ದರಿಂದ ಮುಂಚಿತ ಪಾವತಿಗೆ ದಂಡವಿರಲಿಲ್ಲ. ಸಾಲ ತೀರಿದ ಮೇಲೆ ಆಸ್ತಿಯ ಮೂಲ ಪತ್ರಗಳನ್ನು 30 ದಿನದೊಳಗೆ ಮರಳಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರಗಳು ಬಂದ ಮೇಲೆ ಪಟ್ಟಿಯ ಜೊತೆ ಒಂದೊಂದನ್ನೂ ಹೋಲಿಸಿ ನೋಡಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಡಮಾನ ಬಿಡುಗಡೆಯನ್ನು ನೋಂದಾಯಿಸಿ, ಹೊಸ ಋಣಭಾರ ಪ್ರಮಾಣಪತ್ರ ತೆಗೆಸಿದೆವು. ಸಿಬಿಲ್ ವರದಿಯಲ್ಲಿ ಖಾತೆ ಮುಕ್ತಾಯವಾಗಿದೆ ಎಂದು ದಾಖಲಾಗಿರುವುದನ್ನೂ ಖಚಿತಪಡಿಸಿಕೊಂಡೆವು.