ವ್ಯಾನಿನ ಹೀಟರ್ ಮತ್ತೆ ಬಿಸಿಯಾದದ್ದು

ಡಿಸೆಂಬರ್‌ನ ಬೆಳಗಿನ ಜಾವ ಶಿವಮೊಗ್ಗದಿಂದ ಶೃಂಗೇರಿಗೆ ಬಾಡಿಗೆ ಹೊರಟಿದ್ದೆ. ತೀರ್ಥಹಳ್ಳಿ ದಾಟುವಷ್ಟರಲ್ಲಿ ಹಿಂದಿನ ಸೀಟಿನ ಅಜ್ಜಿಯೊಬ್ಬರು, "ತಮ್ಮಾ, ಹಾಕಿದ್ದು ಹೀಟರ್ರೋ ಫ್ಯಾನೋ?" ಅಂದರು. ಮುಂದೆ ಉಗುರು ಬೆಚ್ಚಗೆ, ಹಿಂದೆ ಬರೀ ತಣ್ಣನೆ ಗಾಳಿ.

ಮಾರನೇ ದಿನ ಬಾನೆಟ್ ಎತ್ತಿದೆ. ಹೀಟರ್‌ಗೆ ಹೋಗುವ ಎರಡು ಹೋಸ್ (ರಬ್ಬರ್ ಪೈಪು) ಮುಟ್ಟಿ ನೋಡಿದರೆ ಒಂದು ಸುಡುತ್ತಿತ್ತು, ಇನ್ನೊಂದು ತಣ್ಣಗೆ. ಅಂದರೆ ಇಂಜಿನ್ನಿನ ಬಿಸಿನೀರು, ಅಂದ್ರೆ ಕೂಲಂಟ್, ಹೀಟರ್ ಒಳಗೆ ಸುತ್ತುತ್ತಿಲ್ಲ. ಕೂಲಂಟ್ ಬಾಟಲಿ ತುಂಬಿತ್ತು. ಅದನ್ನು ನಂಬಿ ಸುಮ್ನೆ ಇದ್ದದ್ದೇ ತಪ್ಪು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ (ಬಿಸಿ ಇದ್ದಾಗ ತೆಗೆದರೆ ಮುಖಕ್ಕೇ ಹಾರುತ್ತೆ) ರೇಡಿಯೇಟರ್ ಮುಚ್ಚಳ ತೆಗೆದೆ. ಎರಡು ಲೀಟರ್ ಕಮ್ಮಿ! ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು, ಹಾಗಾಗಿ ರೇಡಿಯೇಟರ್ ಬಾಟಲಿಯ ನೀರು ವಾಪಸ್ ಎಳೆದುಕೊಳ್ಳುತ್ತಿರಲಿಲ್ಲ.

ಹೊಸ ಮುಚ್ಚಳ ತಂದೆ, ಕೂಲಂಟ್ ತುಂಬಿಸಿದೆ. ಗಾಡಿಯ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ (ನಮ್ಮಲ್ಲಿ ಏರಿಗೇನು ಬರ, ಅಲ್ವಾ) ಹೀಟರ್ ಫುಲ್ ಇಟ್ಟು ಇಂಜಿನ್ ಓಡಿಸಿದೆ. ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಗುಳುಗುಳು ಅಂತ ಹೊರಬಿತ್ತು. ಮುಂದೆ ಬಿಸಿ ಬಂತು.

ಹಿಂದೆ ಇನ್ನೂ ಇಲ್ಲ. ಗಾಡಿ ಅಡಿಗೆ ಮಲಗಿ ನೋಡಿದರೆ, ಹಿಂದಕ್ಕೆ ಬಿಸಿನೀರು ಒಯ್ಯುವ ಪೈಪಿನ ವಾಲ್ವ್ ಕೆಸರು ಮೆತ್ತಿಕೊಂಡು ಮುಚ್ಚಿಕೊಂಡೇ ಕೂತಿತ್ತು. ತೊಳೆದು, ಎಣ್ಣೆ ಬಿಟ್ಟು, ನಾಲ್ಕು ಸಲ ಆಡಿಸಿದೆ. ಹತ್ತು ನಿಮಿಷಕ್ಕೆ ಹಿಂದಿನ ಸೀಟೂ ಬೆಚ್ಚಗಾಯಿತು.