ಎಡ ಅಂಚು ಬಿಟ್ಟ ಮೇಲೆ ಕಚೇರಿ ಹತ್ತಿರವಾಯಿತು

ಬೆಂಗಳೂರಿನ ಬನಶಂಕರಿ ಎರಡನೆಯ ಹಂತದಿಂದ ಬೆಳ್ಳಂದೂರಿನ ಕಚೇರಿಗೆ ಸೈಕಲ್ಲಿನಲ್ಲಿ ಹೋಗಿಬರುತ್ತೇನೆ ಎಂದಾಗ ನಂಬಿದವರು ಕಡಿಮೆ. ನಂಬಿದವರೂ, ರಸ್ತೆಯ ಎಡ ಅಂಚು ಬಿಟ್ಟು ಪಥದ ನಡುವೆ ಓಡಿಸುತ್ತೇನೆ ಎಂದ ಕೂಡಲೇ ತಲೆ ಅಲ್ಲಾಡಿಸಿದರು. ವಾರಾಂತ್ಯಕ್ಕೆ ನಂದಿ ಬೆಟ್ಟ ಹತ್ತುವ ಗೆಳೆಯರಂತೂ, "ಹಿಂದಿನಿಂದ ಯಾರಾದರೂ ಗುದ್ದುವುದು ಖಂಡಿತ" ಎಂದು ಮುಖಕ್ಕೇ ಹೇಳಿದರು. ನಾಲ್ಕು ವರ್ಷವಾಗುತ್ತ ಬಂತು, ಯಾರೂ ಗುದ್ದಿಲ್ಲ. ಈಗ ಅದೇ ಗೆಳೆಯರಲ್ಲಿ ಕೆಲವರು ಹೇಗೆ, ಯಾವ ದಾರಿ ಎಂದು ಕೇಳುತ್ತಿದ್ದಾರೆ.

ಮೊದಲ ವರ್ಷ ಎಲ್ಲರಂತೆ ಅಂಚು ಹಿಡಿದೇ ಹೋದೆ. ಅಲ್ಲಿ ಏನೇನಿರುತ್ತದೆ ಎಂಬುದು ನಿಮಗೂ ಗೊತ್ತು: ಮಳೆ ತಂದು ಗುಡ್ಡೆ ಹಾಕಿದ ಮರಳು, ಬಾಟಲಿ ಚೂರು, ಕುಸಿದ ಮ್ಯಾನ್‌ಹೋಲ್ ಮುಚ್ಚಳ, ಚಕ್ರ ಉರುಳುವ ದಿಕ್ಕಿಗೇ ಸೀಳುಗಳಿರುವ ಮೋರಿಯ ಜಾಲರಿ. ಆಗ ನನ್ನದು 28 ಮಿಲಿಮೀಟರ್ ಅಗಲದ ತೆಳು ಟಯರಿನ ಹೈಬ್ರಿಡ್ ಸೈಕಲ್, ಅಂದರೆ ರೇಸ್ ಸೈಕಲ್ಲಿಗೂ ಗುಡ್ಡಗಾಡಿನ ಸೈಕಲ್ಲಿಗೂ ನಡುವಿನದು. ಪಂಕ್ಚರ್ ಹೆಚ್ಚುಕಡಿಮೆ ವಾರಕ್ಕೊಂದು. ಒಮ್ಮೆ ಜಾಲರಿಯಲ್ಲಿ ಮುಂದಿನ ಚಕ್ರ ಸಿಕ್ಕಿ ರಿಮ್ ಬೆಂಡಾಯಿತು. ಹೊಸ ರಿಮ್, ಕಡ್ಡಿ, ಕೂಲಿ ಸೇರಿ ಎರಡೂವರೆ ಸಾವಿರ ರೂಪಾಯಿಯ ಹತ್ತಿರ ಹೋಯಿತು. ಆ ವರ್ಷ ಟ್ಯೂಬು, ಟಯರುಗಳಿಗೆ ಸುರಿದದ್ದೇ ಆರೇಳು ಸಾವಿರ ಇರಬೇಕು.

ಅಂಚಿನ ನಿಜವಾದ ಅಪಾಯ ನಿಂತ ಕಾರಿನ ಬಾಗಿಲು. ಪೂರ್ತಿ ತೆರೆದರೆ ಅದು ಸುಮಾರು ಒಂದು ಮೀಟರ್ ಹೊರಚಾಚುತ್ತದೆ. ಜಯನಗರದ ಒಂದು ಅಡ್ಡರಸ್ತೆಯಲ್ಲಿ ಬಾಗಿಲೊಂದು ನನ್ನ ಎಡಗೈ ಬೆರಳುಗಳನ್ನು ಸವರಿಕೊಂಡೇ ಹೋಯಿತು. ಅಂದಿನಿಂದ ನಿಂತ ಕಾರುಗಳನ್ನು ಓದುವುದು ಅಭ್ಯಾಸವಾಗಿದೆ. ಹಿಂದಿನ ಗಾಜಿನೊಳಗೆ ಚಾಲಕನ ಸೀಟಿನ ಮೇಲೆ ತಲೆ ಕಾಣುತ್ತಿದೆಯೇ, ಬ್ರೇಕ್ ದೀಪ ಈಗಷ್ಟೇ ಆರಿತೇ, ಮುಂದಿನ ಚಕ್ರ ರಸ್ತೆಯ ಕಡೆ ತಿರುಗಿದೆಯೇ? ತಿರುಗಿದ್ದರೆ ಆ ಕಾರು ಹೊರಡಲಿದೆ ಎಂದೇ ಲೆಕ್ಕ.

ಪಥದ ನಡುವೆ ಏಕೆ ಎಂಬುದಕ್ಕೆ ಸರಳ ಲೆಕ್ಕವಿದೆ. ಒಳ್ಳೆಯ ರಸ್ತೆಯಲ್ಲಿ ಒಂದು ಪಥ ಮೂರೂವರೆ ಮೀಟರ್. ನಮ್ಮ ಬಡಾವಣೆಗಳ ಒಳರಸ್ತೆಗಳಲ್ಲಿ ಮೂರು ಸಿಕ್ಕರೆ ಪುಣ್ಯ. ಕಾರಿನ ಅಗಲ 1.8 ಮೀಟರ್, ಹ್ಯಾಂಡಲ್ಲಿನ ಅಗಲ ಅರವತ್ತು ಸೆಂಟಿಮೀಟರ್, ಅಂಚಿನ ಕಸಕ್ಕೆ ಅರ್ಧ ಮೀಟರ್. ಮೂರು ಮೀಟರಿನಲ್ಲಿ ಉಳಿಯುವುದು ಹತ್ತು ಸೆಂಟಿಮೀಟರ್. ಅಂದರೆ ಅಲ್ಲಿ ನನ್ನನ್ನು ಅದೇ ಪಥದೊಳಗೆ ಸುರಕ್ಷಿತವಾಗಿ ದಾಟಲು ಜಾಗವೇ ಇಲ್ಲ. ಆದರೆ ನಾನು ಅಂಚಿನಲ್ಲಿದ್ದರೆ ಜಾಗವಿದೆ ಎಂದು ಚಾಲಕನಿಗೆ ಅನ್ನಿಸುತ್ತದೆ, ನುಗ್ಗುತ್ತಾನೆ. ನಡುವೆ ಇದ್ದರೆ ಹಿಂದೆಯೇ ಬರುತ್ತಾನೆ, ಜಾಗ ಸಿಕ್ಕಾಗ ಪೂರ್ತಿ ಬಲಕ್ಕೆ ಸರಿದು ದಾಟುತ್ತಾನೆ. ಹಾರ್ನ್ ಬಾರಿಸುತ್ತಾನೆ, ನಿಜ. ಹಾರ್ನ್ ಬಾರಿಸಿದವನು ನನ್ನನ್ನು ನೋಡಿದ್ದಾನೆ ಎಂದೇ ನಾನು ತಿಳಿಯುತ್ತೇನೆ.

ನಡುವಿಗೆ ಬರುವ ಮುನ್ನ ಬಲ ಭುಜದ ಮೇಲಿಂದ ಹಿಂತಿರುಗಿ ನೋಡಲೇಬೇಕು. ಕನ್ನಡಿಯಲ್ಲಿ ಕಂಡಿದ್ದರೂ ಸರಿ, ಕತ್ತು ತಿರುಗಿಸಿ. ಮುಖ ಕಂಡ ಚಾಲಕ ವೇಗ ತಗ್ಗಿಸುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಕೈಸನ್ನೆ ಅದರ ನಂತರ.

ಇದೆಲ್ಲ ವಾಹನಗಳು ಇಪ್ಪತ್ತೈದು ಮೂವತ್ತು ಕಿಲೋಮೀಟರ್ ವೇಗದಲ್ಲಿ ತೆವಳುವ ರಸ್ತೆಗಳ ಮಾತು. ಹೊರವರ್ತುಲ ರಸ್ತೆಯ ಮುಖ್ಯ ಪಥದಲ್ಲಿ ಹೀಗೆ ಮಾಡಬೇಡಿ. ಅಲ್ಲಿ ನಾನು ಸರ್ವಿಸ್ ರಸ್ತೆ ಬಿಟ್ಟು ಇಳಿಯುವುದೇ ಇಲ್ಲ. ನನ್ನ ದಾರಿ ಜಯನಗರ, ತಿಲಕನಗರದ ಒಳಗಿನಿಂದ ಬಿಟಿಎಂ ಬಡಾವಣೆ, ಮಡಿವಾಳ ಕೆರೆಯ ಪಕ್ಕ, ಸಿಲ್ಕ್ ಬೋರ್ಡ್ ಜಂಕ್ಷನ್, ಆಮೇಲೆ ಎಚ್‌ಎಸ್‌ಆರ್ ಬಡಾವಣೆಯ ಒಳಗೆ. ಸಿಲ್ಕ್ ಬೋರ್ಡಿನಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ದಾಟುತ್ತೇನೆ. ಮೂರು ನಾಲ್ಕು ನಿಮಿಷ ಹೋಗುತ್ತದೆ, ಹೋಗಲಿ. ಅಗರದಿಂದ ಮುಂದಿನ ಒಳದಾರಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಕಿರಿದು, ನಾಲ್ಕು ಬೈಕುಗಳು ಬಂದರೂ ಕೆಟ್ಟಿತು. ಒಟ್ಟು ಹದಿನಾಲ್ಕು ಹದಿನೈದು ಕಿಲೋಮೀಟರಿಗೆ ಐವತ್ತೈದು ನಿಮಿಷ ಸಾಕು. ಸಂಜೆ ಕಾರಿನಲ್ಲಿ ಅದೇ ದೂರ ಒಂದೂಕಾಲು ಗಂಟೆಗೆ ಕಡಿಮೆ ಎಂದೂ ಆದದ್ದಿಲ್ಲ.

ಸೈಕಲ್ಲಿಗೆ ಪ್ರತ್ಯೇಕ ಪಥವಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ ಎನ್ನುವವರಿದ್ದಾರೆ. ನನಗೂ ಪಥ ಬೇಕು. ಆದರೆ ಜಯನಗರದ ಪಥ ಕಾರು ನಿಲ್ಲಿಸುವ ಜಾಗವಾದದ್ದನ್ನು ನೋಡಿದ್ದೇವೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿದ ಪಥದೊಳಗೆ ಬೈಕುಗಳು ನುಗ್ಗಿದ್ದನ್ನೂ ಕಂಡಿದ್ದೇವೆ. ಪಥ ಬರುವ ತನಕ ಕಚೇರಿಗೆ ಹೋಗದೆ ಇರಲಾಗುವುದಿಲ್ಲ.

ಬಸ್ಸಿನ ಎಡಕ್ಕೆ ಎಂದಿಗೂ ನುಗ್ಗುವುದಿಲ್ಲ, ಅದು ನಿಲ್ದಾಣದಲ್ಲಿ ನಿಂತಿದ್ದರೂ. ಬಸ್ ಚಾಲಕರ ಬಗ್ಗೆ ದೂರುವವರು ಬಹಳ, ನನ್ನ ಅನುಭವ ಬೇರೆ: ಅವರ ಕನ್ನಡಿಯಲ್ಲಿ ನಮ್ಮ ಮುಖ ಕಾಣುವಂತಿದ್ದರೆ ಕಾದು ಬಿಡುತ್ತಾರೆ. ಇದ್ದಕ್ಕಿದ್ದಂತೆ ಎಡಕ್ಕೆ ಎಳೆಯುವುದು ಗಿರಾಕಿ ಕಂಡ ಆಟೋ. ಮುಂದೆ ಪಾದಚಾರಿ ಮಾರ್ಗದಲ್ಲಿ ಯಾರಾದರೂ ಕೈ ಎತ್ತಿದ್ದು ಕಂಡರೆ ಮೊದಲೇ ಬ್ರೇಕ್ ಹಿಡಿಯಿರಿ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕ್ಯಾರಿಯರಿನಿಂದ ಬಲಕ್ಕೆ ಎರಡಡಿ ಪಿವಿಸಿ ಪೈಪ್ ಚಾಚಿ, ತುದಿಗೆ ಕೆಂಪು ಬಟ್ಟೆ ಕಟ್ಟಿದೆ. ಕಾರುಗಳು ಅದ್ಭುತವಾಗಿ ದೂರ ಸರಿದವು. ಆದರೆ ಸಿಗ್ನಲ್ಲಿನಲ್ಲಿ ಬೈಕುಗಳು ಸಂದಿಯಲ್ಲಿ ನುಸುಳುವಾಗ ಪೈಪಿಗೆ ತಗುಲಿ ಜಗಳವಾಗತೊಡಗಿತು. ಎರಡು ವಾರದಲ್ಲಿ ತೆಗೆದೆ. ಬ್ಯಾಟರಿ ಹಾರ್ನಿಗೆ ಕೊಟ್ಟ ಎಂಟುನೂರು ರೂಪಾಯಿ ವ್ಯರ್ಥ: ಗಾಜು ಏರಿಸಿ ಹಾಡು ಹಾಕಿಕೊಂಡವರಿಗೆ ಅದು ಕೇಳುವುದಿಲ್ಲ, ಪಾದಚಾರಿಗಳಿಗೆ ಹಳೆಯ ಕಿಣಿಕಿಣಿ ಗಂಟೆಯೇ ಸಾಕು. ಹ್ಯಾಂಡಲ್ ತುದಿಯ ಕನ್ನಡಿ ಮಾತ್ರ ಉಳಿಯಿತು.

ಹೈಬ್ರಿಡ್ ಮಾರಿ, ಉಕ್ಕಿನ ಚೌಕಟ್ಟಿನ ಹಳೆಯ ಸೈಕಲ್ಲೊಂದನ್ನು ಒಂಬತ್ತು ಸಾವಿರಕ್ಕೆ ಕೊಂಡೆ. ಪಂಕ್ಚರ್ ತಡೆಯುವ ಪದರವಿರುವ 38 ಮಿಲಿಮೀಟರ್ ಟಯರ್ ಜೋಡಿಗೆ ನಾಲ್ಕೂವರೆ ಸಾವಿರ ಕೊಟ್ಟಾಗ ಮನೆಯಲ್ಲಿ ಮಾತು ಕೇಳಬೇಕಾಯಿತು. ಈಗ ಪಂಕ್ಚರ್ ವರ್ಷಕ್ಕೆ ಒಂದೋ ಎರಡೋ. ಮಡ್‌ಗಾರ್ಡ್, ದೀಪ, ಚೀಲ ಎಲ್ಲ ಸೇರಿ ಹದಿನೆಂಟು ಸಾವಿರ ಆಗಿರಬಹುದು. ಕಾರಿನಲ್ಲಿ ಹೋಗುತ್ತಿದ್ದಾಗ ಪೆಟ್ರೋಲಿಗೇ ತಿಂಗಳಿಗೆ ಐದು ಸಾವಿರ ಬೇಕಿತ್ತು. ನಾಲ್ಕು ತಿಂಗಳಲ್ಲಿ ಹಾಕಿದ ದುಡ್ಡು ಮರಳಿತು.

ಮಳೆಗಾಲದಲ್ಲಿ ರಿಮ್ ಬ್ರೇಕಿನ ರಬ್ಬರ್ ಬೇಗ ಸವೆಯುತ್ತದೆ, ಕೆಸರಿನ ಕಣ ಸಿಕ್ಕಿ ರಿಮ್ಮನ್ನೂ ತಿನ್ನುತ್ತದೆ. ಮನೆ ತಲುಪಿದ ಕೂಡಲೇ ಒಂದು ಚೊಂಬು ನೀರು ಸುರಿದು ಒರೆಸಿಬಿಡಿ. ಚೈನಿಗೆ ಹಚ್ಚುವ ಎಣ್ಣೆಯ ಮಿಶ್ರಣ ತಿಲಕನಗರದ ರಿಪೇರಿಯವರು ನಂಬಿ ಹೇಳಿಕೊಟ್ಟದ್ದು, ಅದನ್ನು ಹಂಚಿಕೊಳ್ಳಲಾರೆ. ಹಿಂದಿನ ದೀಪವನ್ನು ಸೀಟಿನ ಕೆಳಗೆ ಕಟ್ಟಬೇಡಿ, ಚೀಲ ಮುಚ್ಚಿಬಿಡುತ್ತದೆ. ಕ್ಯಾರಿಯರಿನ ಬಲ ತುದಿಗೆ ಕಟ್ಟಿ, ಹಗಲಲ್ಲೂ ಉರಿಯಲಿ.