ಎಲೆಕೋಸಿನ ಹುಳ ಬಾಟಲಿಗೆ ಹಾಕಿ ನೋಡಿ

ಎಲೆಕೋಸು ಕಡುಹಸಿರಾಗಿ, ಮೆತ್ತಗೆ ಹರಡಿಕೊಂಡರೆ ನಮಗೆ ಖುಷಿ. ಡೈಮಂಡ್ ಬ್ಯಾಕ್ ಪತಂಗಕ್ಕೆ ಇನ್ನೂ ಜಾಸ್ತಿ ಖುಷಿ, ಕೋಸಿನ ಎಲೆ ತಿನ್ನೋದು ಅದರ ಮರಿಹುಳವೇ. ಯೂರಿಯಾ ಅತಿಯಾದ ಗಿಡದ ಎಲೆಯಲ್ಲಿ ಸಾರಜನಕ ಏರುತ್ತದೆ, ಅದನ್ನು ತಿಂದ ಹುಳ ಬೇಗ ಬಲಿಯುತ್ತದೆ, ಪತಂಗವಾದ ಮೇಲೆ ಮೊಟ್ಟೆಯೂ ಹೆಚ್ಚು.

ಇದೇ ಹುಳದ ಮೈಯೊಳಗೆ ಮೊಟ್ಟೆ ಇಡುವ ಕೊಟೇಶಿಯಾ ಅನ್ನೋ ಪುಟ್ಟ ಕಣಜವೊಂದಿದೆ. ನಮಗೇನೂ ಮಾಡಲ್ಲ. ಅದರ ಮರಿಗೆ ಊಟ, ಮನೆ ಎರಡೂ ಆ ಹುಳವೇ. ಹುಳ ಸೊರಗಿದ್ದರೆ ಕಣಜವೂ ಸಣಕಲು. ಹಾಗಂತ ಯೂರಿಯಾ ಸುರಿದು ಕಣಜ ಸಾಕೋಣ ಅಂದುಕೊಳ್ಳಬೇಡಿ, ಹುಳ ಬೇಗ ಬಲಿತರೆ ಕಣಜಕ್ಕೆ ಅದನ್ನು ಹುಡುಕೋಕೆ ಸಿಗುವ ದಿನಗಳೂ ಕಡಿಮೆ ಅಲ್ವಾ?

ಮೊದಲು ಯೂರಿಯಾ ಒಂದೇ ಸಲ ಹಾಕೋದು ಬಿಡಿ, ಕಂತಿನಲ್ಲಿ ಕೊಡಿ.

ಆಮೇಲೆ ಎಲೆ ತಿರುವಿ ನೋಡಿ. ಸಣ್ಣ ಹಸಿರು ಹುಳವನ್ನು ಕಡ್ಡಿಯಿಂದ ಮುಟ್ಟಿ: ವಿಲವಿಲ ಒದ್ದಾಡಿ, ನೂಲು ಹಿಡಿದು ಕೆಳಗೆ ಜೋತು ಬಿದ್ದರೆ ಅದೇ ಕಳ್ಳ. ಪಕ್ಕದಲ್ಲಿ ಗೂಡುಗಳೂ ಇರಬಹುದು, ಇಲ್ಲೇ ಎಷ್ಟೋ ಜನ ಎಡವುವುದು. ಒಳಗಿನ ಕೋಶ (ಹುಳ ಪತಂಗವಾಗುವ ಮುಂಚಿನ ಹಂತ) ಕಾಣುವಂತೆ ಬಲೆಬಲೆಯಾಗಿದ್ದರೆ ಪತಂಗದ್ದು. ಅಕ್ಕಿಕಾಳಿನ ಹಾಗೆ ಬೆಳ್ಳಗೆ, ಒತ್ತಾಗಿ ನೇಯ್ದಿದ್ದರೆ ಕಣಜದ್ದು. ಅದನ್ನು ಹೊಸಕಬೇಡಿ!

ಮುಂದಿನದು ನನಗೆ ಇಷ್ಟವಾದ ಕೆಲಸ. ಬೇರೆ ಬೇರೆ ಗಿಡಗಳಿಂದ ಇಪ್ಪತ್ತು ಹುಳ ತಂದು ಅಗಲ ಬಾಯಿಯ ಬಾಟಲಿಗೆ ಹಾಕಿ, ತೆಳು ಬಟ್ಟೆ ಕಟ್ಟಿ, ಔಷಧಿ ಹೊಡೆಯದ ಎಲೆಯನ್ನು ದಿನಾ ಬದಲಿಸಿ. ಹತ್ತು ದಿನದೊಳಗೆ ಬಿಳಿ ಗೂಡು ಎಷ್ಟು, ಬಲೆ ಗೂಡು ಎಷ್ಟು ಅಂತ ಎಣಿಸಿ. ಬಿಳಿಯದು ಜಾಸ್ತಿ ಇದ್ದರೆ ಕಣಜ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಆಗ ಸುಮ್ನೆ ಕೀಟನಾಶಕ ಹೊಡೆದರೆ ಮೊದಲು ಸಾಯೋದು ಕಣಜ. ಹೊಡೆಯಲೇಬೇಕಾದರೆ ಶೇ 4ರ ಬೇವಿನ ಬೀಜದ ಕಷಾಯ ಸಾಕು.

ಮುಂದಿನ ಬೆಳೆಗೆ ಸಾಸಿವೆ ಮರೆಯಬೇಡಿ. ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ, ಇದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಹಳೆಯ ಸಲಹೆ. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲು ಬಿತ್ತಿ, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ. ಸಾಸಿವೆಯ ಘಾಟಿಗೆ ಪತಂಗ ಮೊದಲು ಅತ್ತ ಹೋಗುತ್ತದೆ, ಸಾಸಿವೆ ಹೂ ಬಿಟ್ಟರೆ ಅದರ ಮಕರಂದ ಕಣಜಕ್ಕೂ ಸಿಗುತ್ತದೆ.